ಯೂರಿಯಾ ಚೀಲ ಮತ್ತು ಮೂರು ಮೊದಲ ಪಾಠಗಳು

ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಮನೆಯಿಂದ ಪದವಿಪೂರ್ವ ಕಾಲೇಜಿಗೆ ಬರುವ ವಿದ್ಯಾರ್ಥಿನಿಗೆ ಯೂರಿಯಾ ಹೊಸ ಪದಾರ್ಥವೇನಲ್ಲ. ಅದರ ಚೀಲ ಅವಳ ಮನೆಯ ಜಗಲಿಯ ಮೂಲೆಯಲ್ಲೇ ಇರುತ್ತದೆ. ಅದನ್ನು ಅವಳ ಮನೆಯಲ್ಲಿ ಕರೆಯುವುದು 'ರಾಸಾಯನಿಕ ಗೊಬ್ಬರ' ಎಂದು. ಊರಿನಲ್ಲಿ ಯಾರಾದರೂ ಸಾವಯವ ಕೃಷಿಗೆ ಇಳಿದರೆ ಅವರು ಮೊದಲು ಬಿಡುವುದು ಯೂರಿಯಾವನ್ನೇ. ಇಂಥ ವಿದ್ಯಾರ್ಥಿನಿ ಪ್ರಥಮ ಪಿಯುಸಿಯ ರಸಾಯನವಿಜ್ಞಾನದ ಪುಸ್ತಕ ತೆರೆದಾಗ, 1828ರಲ್ಲಿ ಫ್ರೀಡ್ರಿಕ್ ವ್ಹೋಲರ್ ಎಂಬ ಜರ್ಮನ್ ವಿಜ್ಞಾನಿ ನಿರವಯವ ವಸ್ತುವಿನಿಂದ ಒಂದು ಸಾವಯವ ಸಂಯುಕ್ತವನ್ನು ತಯಾರಿಸಿದ, ಅದೇ ಯೂರಿಯಾ ಎಂದು ಓದುತ್ತಾಳೆ. ತೋಟದಲ್ಲಿ ಸಾವಯವ ಅಲ್ಲದ್ದು ಪುಸ್ತಕದಲ್ಲಿ ಸಾವಯವ! ಅವಳ ಪುಸ್ತಕ ಇಂಗ್ಲಿಷಿನಲ್ಲಿದೆ ನಿಜ. ಆದರೆ ಅಲ್ಲಿನ 'ಆರ್ಗ್ಯಾನಿಕ್' ಎಂಬ ಮಾತೂ ಇದೇ ಗೊಂದಲವನ್ನು ಹೊತ್ತು ತರುತ್ತದೆ. ಈ ಗೊಂದಲವನ್ನು ಪುಸ್ತಕ ಬಿಡಿಸುವುದಿಲ್ಲ, ಅದರ ಸುಳಿವೂ ಅದಕ್ಕಿಲ್ಲ.

ಕರ್ನಾಟಕದಲ್ಲಿ 2012-13ರಿಂದ ಪದವಿಪೂರ್ವ ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ.ಯ ಪಠ್ಯಕ್ರಮ ಬಂದಿದೆ. ಆ ಪುಸ್ತಕಗಳಲ್ಲಿ ಮೂರು ಪಾಠಗಳನ್ನು ನಿಮ್ಮ ಮುಂದಿಟ್ಟುಕೊಂಡು ವಿಮರ್ಶಿಸುವುದು ಈ ಲೇಖನದ ಉದ್ದೇಶ: ಮೊದಲ ವರ್ಷದ ಸಾವಯವ ರಸಾಯನವಿಜ್ಞಾನದ ಪ್ರವೇಶ ಪಾಠ, ಅದೇ ವರ್ಷದ ಉಷ್ಣಗತಿವಿಜ್ಞಾನ, ಎರಡನೇ ವರ್ಷದ ಮಾತೃಕೆಗಳು. ಮಾತೃಕೆಯ ಪಾಠವೇ ನಮ್ಮ ವಿದ್ಯಾರ್ಥಿಗಳಿಗೆ ರೇಖೀಯ ಬೀಜಗಣಿತದ ಹೆಬ್ಬಾಗಿಲು. ಈ ಮೂರೂ ಪಾಠಗಳ ಬಗ್ಗೆ ನನ್ನ ದೂರು ಒಂದೇ. ಉತ್ತರಗಳನ್ನು ಅವು ಅಚ್ಚುಕಟ್ಟಾಗಿ ಜೋಡಿಸುತ್ತವೆ, ಆದರೆ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಮುಚ್ಚಿಡುತ್ತವೆ. ಪುಸ್ತಕಗಳು ಕೆಟ್ಟವು ಎಂಬ ವಾದ ನನ್ನದಲ್ಲ. ನಾನು ಓದಿದ ಕಾಲದ ಪುಸ್ತಕಗಳಿಗಿಂತ ಇವು ಎಷ್ಟೋ ಪಾಲು ಉತ್ತಮ. ಆದ್ದರಿಂದಲೇ ಇವುಗಳ ಲೋಪವನ್ನು ಹೇಳುವುದು ಅಗತ್ಯ.

ಮೊದಲು ಸಾವಯವ. ಬರ್ಜೀಲಿಯಸ್‌ನ 'ಜೀವಶಕ್ತಿ'ಯ ಕಲ್ಪನೆ, ವ್ಹೋಲರ್‌ನ ಯೂರಿಯಾ, 1845ರಲ್ಲಿ ಕೋಲ್ಬೆಯ ಅಸಿಟಿಕ್ ಆಮ್ಲ, 1856ರಲ್ಲಿ ಬರ್ಥೆಲೊನ ಮೀಥೇನ್ ಇವೆಲ್ಲ ಮೊದಲ ಪುಟದಲ್ಲೇ ಮುಗಿದುಹೋಗುತ್ತವೆ. ಜೀವಶಕ್ತಿಯ ವಾದ ಸತ್ತಿತು ಎಂಬುದು ಕಥೆಯ ನೀತಿ. ಈ ಕಥೆ ಪೂರ್ತಿ ನಿಜವೂ ಅಲ್ಲ. ವ್ಹೋಲರ್ ಬಳಸಿದ ಸಯನೇಟನ್ನು ಆ ಕಾಲದಲ್ಲಿ ತಯಾರಿಸುತ್ತಿದ್ದುದೇ ಪ್ರಾಣಿಜನ್ಯ ವಸ್ತುಗಳಿಂದ. ಜೀವಶಕ್ತಿಯಲ್ಲಿ ನಂಬಿಕೆಯಿದ್ದವರು ಅದೊಂದು ಪ್ರಯೋಗದಿಂದ ಮನಸ್ಸು ಬದಲಿಸಲೂ ಇಲ್ಲ. ಆದರೆ ನನ್ನ ಮುಖ್ಯ ಆಕ್ಷೇಪ ಇತಿಹಾಸದ ಬಗ್ಗೆ ಅಲ್ಲ, ಪಾಠದ ಬಗ್ಗೆ.

ವ್ಹೋಲರ್ ಬಿಸಿ ಮಾಡಿದ ಅಮೋನಿಯಂ ಸಯನೇಟ್‌ನಲ್ಲಿರುವ ಪರಮಾಣುಗಳನ್ನು ಎಣಿಸಿ ನೋಡಿ: ಕಾರ್ಬನ್ 1, ಆಕ್ಸಿಜನ್ 1, ನೈಟ್ರೊಜನ್ 2, ಹೈಡ್ರೊಜನ್ 4. ಈಗ ಯೂರಿಯಾದ ಅಣುವಿನಲ್ಲಿ ಎಣಿಸಿ. ಅಷ್ಟೇ! ಒಂದು ಪರಮಾಣು ಒಳಗೆ ಬರಲಿಲ್ಲ, ಒಂದು ಹೊರಗೆ ಹೋಗಲಿಲ್ಲ. ಆದರೂ ಒಂದು ಲವಣ, ಇನ್ನೊಂದು ಮೂತ್ರದಲ್ಲಿ ಸಿಗುವ ಹರಳು. ಅದಕ್ಕೂ ಕೆಲವು ವರ್ಷ ಮೊದಲು ಲೀಬಿಗ್ ವಿಶ್ಲೇಷಿಸಿದ ಸಿಡಿಯುವ ಬೆಳ್ಳಿ ಫಲ್ಮಿನೇಟ್ ಮತ್ತು ವ್ಹೋಲರ್ ವಿಶ್ಲೇಷಿಸಿದ ಸಿಡಿಯದ ಬೆಳ್ಳಿ ಸಯನೇಟ್ ಎರಡರ ಸಂಯೋಜನೆಯೂ ಒಂದೇ ಎಂದು ತಿಳಿದು ಯುರೋಪಿನ ರಸಾಯನಜ್ಞರು ತಬ್ಬಿಬ್ಬಾಗಿದ್ದರು. 1830ರಲ್ಲಿ ಬರ್ಜೀಲಿಯಸ್ ಈ ವಿದ್ಯಮಾನಕ್ಕೆ 'ಐಸೊಮೆರಿಸಂ' ಎಂದು ಹೆಸರಿಟ್ಟ. ನಾವು ಸಮಾಂಗತೆ ಎನ್ನುತ್ತೇವೆ. ಹಾಗಾದರೆ ವಸ್ತುವಿನ ಗುಣ ಪರಮಾಣುಗಳ ಎಣಿಕೆಯಿಂದ ಮಾತ್ರವಲ್ಲ, ಜೋಡಣೆಯಿಂದಲೂ ಬರುತ್ತದೆ ಎಂದಾಯಿತು. ಅಣುವಿನ ರಚನೆಯನ್ನು ಏಕೆ ಬರೆಯಬೇಕು, ಬಂಧಗಳ ಗೆರೆಗಳನ್ನು ಏಕೆ ಎಳೆಯಬೇಕು ಎಂಬ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ನಮ್ಮ ಪಾಠದಲ್ಲಾದರೋ ಯೂರಿಯಾ ಮೊದಲ ಪುಟದಲ್ಲಿದೆ. ನಂತರ ರಚನಾ ಚಿತ್ರಗಳು, ವರ್ಗೀಕರಣ, ಹೆಸರಿಡುವ ನಿಯಮಗಳ ದೊಡ್ಡ ಪಟ್ಟಿ. ಎಷ್ಟೋ ಪುಟಗಳ ಬಳಿಕ ಸಮಾಂಗತೆ ಒಂದು ವ್ಯಾಖ್ಯೆಯಾಗಿ ಬರುತ್ತದೆ, ಅದೂ ಪೆಂಟೇನ್‌ನ ಉದಾಹರಣೆಯೊಂದಿಗೆ. ಯೂರಿಯಾಕ್ಕೂ ಅದಕ್ಕೂ ಸಂಬಂಧವಿದೆ ಎಂದು ವಿದ್ಯಾರ್ಥಿನಿಗೆ ಯಾರು ಹೇಳಬೇಕು?

ಇನ್ನೊಂದು ಮಾತು. ಅಣುವಿನಲ್ಲಿ ಇಷ್ಟು ನೈಟ್ರೊಜನ್ ಇದೆ ಎಂದು ತಿಳಿದದ್ದು ಹೇಗೆ? ಶುದ್ಧೀಕರಣ ಮತ್ತು ವಿಶ್ಲೇಷಣೆಯ ವಿಧಾನಗಳು ಅಧ್ಯಾಯದ ಕೊನೆಗೆ ಬಿದ್ದಿವೆ. ಕಾರ್ಬನ್ ಅಳೆಯಲು ಲೀಬಿಗ್ 1831ರಲ್ಲಿ ಪ್ರಕಟಿಸಿದ ಉಪಕರಣ, ನೈಟ್ರೊಜನ್ ಅಳೆಯಲು ಕೆಲ್‌ಡಾಲ್ 1883ರಲ್ಲಿ ರೂಪಿಸಿದ ವಿಧಾನ ಇವಿಲ್ಲದೆ ಇಡೀ ಶಾಸ್ತ್ರವೇ ಇಲ್ಲ. ಪರೀಕ್ಷೆಗೆ ಎರಡು ಅಂಕದ ಲೆಕ್ಕವಾಗಿ ಅವು ಉಳಿದಿವೆ. ಯೂರಿಯಾ ಚೀಲದ ಮೇಲೆ ನೈಟ್ರೊಜನ್ ಶೇಕಡಾ 46 ಎಂದು ಅಚ್ಚಾಗಿದೆ. ಯೂರಿಯಾದ ಅಣುತೂಕ 60, ಅದರಲ್ಲಿ ನೈಟ್ರೊಜನ್‌ನ ಪಾಲು 28. ಭಾಗಿಸಿದರೆ 46.7 ಬರುತ್ತದೆ. 2018ರಿಂದ ಚೀಲ 45 ಕಿಲೋಗ್ರಾಂ ಆಗಿದೆ. ಅಂದರೆ ಚೀಲಕ್ಕೆ ಸುಮಾರು 20.7 ಕಿಲೋಗ್ರಾಂ ನೈಟ್ರೊಜನ್. ಈ ಲೆಕ್ಕದಿಂದ ಪಾಠ ಶುರುವಾದರೆ ವಿದ್ಯಾರ್ಥಿನಿ ಸಂಜೆ ಮನೆಗೆ ಹೋಗಿ ಚೀಲವನ್ನು ತಿರುಗಿಸಿ ನೋಡುತ್ತಾಳೆ. ಹೆಸರಿಡುವ ನಿಯಮಗಳಿಂದ ಶುರುವಾದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಈಗ ಉಷ್ಣಗತಿವಿಜ್ಞಾನ. ಇದು ನನ್ನ ವಿಷಯವಾದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ವಿದ್ಯಾರ್ಥಿಗಳು ಇದನ್ನು ಒಂದೇ ವರ್ಷದಲ್ಲಿ ಎರಡು ಸಲ ಕಲಿಯುತ್ತಾರೆ. ಭೌತವಿಜ್ಞಾನದ ಪುಸ್ತಕದಲ್ಲಿ ಮೊದಲ ನಿಯಮ ಹೀಗಿದೆ: ಕೊಟ್ಟ ಉಷ್ಣ = ಆಂತರಿಕ ಶಕ್ತಿಯ ಹೆಚ್ಚಳ + ವ್ಯವಸ್ಥೆ ಮಾಡಿದ ಕೆಲಸ. ರಸಾಯನವಿಜ್ಞಾನದ ಪುಸ್ತಕದಲ್ಲಿ: ಆಂತರಿಕ ಶಕ್ತಿಯ ಹೆಚ್ಚಳ = ಕೊಟ್ಟ ಉಷ್ಣ + ವ್ಯವಸ್ಥೆಯ ಮೇಲೆ ಮಾಡಿದ ಕೆಲಸ. ಎರಡೂ ಸರಿ. 'ಕೆಲಸ' ಎಂದರೆ ಯಾರು ಯಾರ ಮೇಲೆ ಮಾಡಿದ್ದು ಎಂಬುದರಲ್ಲಷ್ಟೇ ವ್ಯತ್ಯಾಸ. ಭೌತವಿಜ್ಞಾನಿಗಳು ಉಗಿಯಂತ್ರದ ವಂಶದವರು, ಯಂತ್ರದಿಂದ ಎಷ್ಟು ಕೆಲಸ ಹೊರಗೆ ಸಿಕ್ಕಿತು ಎಂಬುದು ಅವರ ಪ್ರಶ್ನೆ. ರಸಾಯನಜ್ಞರು ಪ್ರಣಾಳದ ಒಳಗೆ ನಿಂತು ಏನೇನು ಒಳಗೆ ಬಂತು ಎಂದು ಕೇಳುತ್ತಾರೆ. ಸೋಮವಾರ ಧನ ಚಿಹ್ನೆ, ಮಂಗಳವಾರ ಋಣ ಚಿಹ್ನೆ ಎಂದು ತರಗತಿಯಲ್ಲಿ ಒದ್ದಾಡುವ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು. ರಸಾಯನವಿಜ್ಞಾನದ ಪುಸ್ತಕ ಇದನ್ನು ಹೇಳಿಯೂ ಇದೆ, ಆದರೆ ಪುಟದ ಕೆಳಗಿನ ಸಣ್ಣ ಅಕ್ಷರದ ಟಿಪ್ಪಣಿಯಲ್ಲಿ! ಹತ್ತನೇ ತರಗತಿಯವರೆಗೆ 'ಉಷ್ಣ', 'ಕೆಲಸ' ಎಂದು ಕನ್ನಡದಲ್ಲಿ ಓದಿ, ಜೂನ್ ತಿಂಗಳಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಂದವರು ಸಣ್ಣ ಅಕ್ಷರದ ಟಿಪ್ಪಣಿ ಓದುತ್ತಾರೆಯೇ?

ಭೌತವಿಜ್ಞಾನದ ಅಧ್ಯಾಯಕ್ಕೆ ಪಠ್ಯ ಕಡಿತದ ಪೆಟ್ಟೂ ಬಿದ್ದಿದೆ. ಕೋವಿಡ್ ನಂತರ ಎನ್.ಸಿ.ಇ.ಆರ್.ಟಿ. ಪರಿಷ್ಕರಿಸಿದ ಆವೃತ್ತಿಯಲ್ಲಿ ಉಷ್ಣ ಯಂತ್ರಗಳ ವಿಭಾಗ ಮತ್ತು ರೆಫ್ರಿಜರೇಟರಿನ ವಿಭಾಗ ಹೋದವು. ಉಳಿದದ್ದು ಕಾರ್ನೊ ಯಂತ್ರ. 1824ರಲ್ಲಿ ಸಾಡಿ ಕಾರ್ನೊ ಕೇಳಿದ್ದು, ಉಗಿಯಂತ್ರದ ದಕ್ಷತೆಗೆ ಮಿತಿಯೊಂದಿದೆಯೇ ಎಂದು. ಉಗಿಯಂತ್ರವನ್ನೇ ತೆಗೆದು ಕಾರ್ನೊನನ್ನು ಇಟ್ಟುಕೊಳ್ಳುವುದು, ಗಾಡಿಯನ್ನು ಮಾರಿ ನೊಗವನ್ನು ಇಟ್ಟುಕೊಂಡ ಹಾಗೆ.

ಇದಕ್ಕಿಂತ ಗಂಭೀರವಾದದ್ದು ರಸಾಯನವಿಜ್ಞಾನದ ಅಧ್ಯಾಯದಲ್ಲಿದೆ. ಒಂದು ಬದಲಾವಣೆ ತಾನಾಗಿ ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಅದು ಉಷ್ಣ ಬಿಡುತ್ತದೆಯೇ ಎಂದು ನೋಡಿದರೆ ಸಾಕೇ? ಸಾಲದು, ಉಷ್ಣವನ್ನು ಹೀರಿಕೊಂಡೂ ತಾನಾಗಿ ನಡೆಯುವ ಕ್ರಿಯೆಗಳಿವೆ ಎನ್ನುತ್ತದೆ ಪುಸ್ತಕ. ಬಹಳ ಸರಿಯಾದ ಮಾತು. ಆದರೆ ಅದಕ್ಕೆ ನನ್ನ ಕೈಯಲ್ಲಿರುವ ಪ್ರತಿಯಲ್ಲಿ ಕೊಟ್ಟ ಉದಾಹರಣೆಗಳೇನು? ನೈಟ್ರೊಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರೊಜನ್ ಡೈಆಕ್ಸೈಡ್ ಆಗುವುದು ಒಂದು. ಕಾರ್ಬನ್ ಮತ್ತು ಗಂಧಕ ಸೇರಿ ಕಾರ್ಬನ್ ಡೈಸಲ್ಫೈಡ್ ಆಗುವುದು ಇನ್ನೊಂದು.

ದಯವಿಟ್ಟು ಮೊದಲನೆಯದನ್ನು ಪರಿಶೀಲಿಸಿ. ಪುಸ್ತಕವೇ ಹೇಳುವಂತೆ ಒಂದು ಮೋಲ್ ನೈಟ್ರೊಜನ್ ಡೈಆಕ್ಸೈಡ್ ಆಗಲು 33.2 ಕಿಲೋಜೂಲ್ ಉಷ್ಣ ಬೇಕು. ಎಂಟ್ರೊಪಿಯ ಲೆಕ್ಕ ಹಾಕೋಣ. ಕೋಷ್ಟಕದಲ್ಲಿ ಈ ಅನಿಲದ ಎಂಟ್ರೊಪಿ ಮೋಲ್‌ಗೆ ಸುಮಾರು 240 ಜೂಲ್ ಪ್ರತಿ ಕೆಲ್ವಿನ್. ಅರ್ಧ ಮೋಲ್ ನೈಟ್ರೊಜನ್‌ನದು 96, ಒಂದು ಮೋಲ್ ಆಕ್ಸಿಜನ್‌ನದು 205, ಒಟ್ಟು 301. ಅಂದರೆ ಕ್ರಿಯೆಯಲ್ಲಿ ಎಂಟ್ರೊಪಿ ಸುಮಾರು 61 ಜೂಲ್‌ನಷ್ಟು ಕಡಿಮೆಯಾಗುತ್ತದೆ. ಒಂದೂವರೆ ಮೋಲ್ ಅನಿಲ ಒಂದು ಮೋಲ್ ಆಗುವಾಗ ಇದು ನಿರೀಕ್ಷಿತವೇ. ಉಷ್ಣವೂ ಬೇಕು, ಎಂಟ್ರೊಪಿಯೂ ಇಳಿಯುತ್ತದೆ. 298 ಕೆಲ್ವಿನ್‌ನಲ್ಲಿ ಗಿಬ್ಸ್ ಶಕ್ತಿಯ ಬದಲಾವಣೆ ಧನ 51 ಕಿಲೋಜೂಲ್. ತಾಪ ಏರಿಸಿದರೆ ಅದು ಇನ್ನೂ ಹೆಚ್ಚುತ್ತದೆ. ಇಂಥ ಕ್ರಿಯೆ ಪ್ರಮಾಣ ಸ್ಥಿತಿಯಲ್ಲಿ ಯಾವ ತಾಪದಲ್ಲೂ ತಾನಾಗಿ ನಡೆಯುವ ಕ್ರಿಯೆಯಲ್ಲ. ಅದು ತಾನಾಗಿ ನಡೆಯುವಂಥದ್ದಾಗಿದ್ದರೆ ನಾವು ಉಸಿರಾಡುವ ಗಾಳಿ ಕಂದು ಬಣ್ಣದ ವಿಷಾನಿಲವಾಗುವ ಹಾದಿಯಲ್ಲಿರುತ್ತಿತ್ತು. ಎರಡನೇ ಉದಾಹರಣೆಯೂ ಕೊಠಡಿಯ ತಾಪದಲ್ಲಿ ನಿಲ್ಲುವುದಿಲ್ಲ. ಕೈಗಾರಿಕೆಯಲ್ಲಿ ಅದಕ್ಕೆ ಕುಲುಮೆಯ ಶಾಖ ಬೇಕು. ಅದೇ ಅಧ್ಯಾಯದ ಮುಂದಿನ ಪುಟಗಳಲ್ಲಿ ಕಲಿಸುವ ಗಿಬ್ಸ್ ಸೂತ್ರವೇ ಹಿಂದಿನ ಪುಟದ ಉದಾಹರಣೆಯನ್ನು ಹೊಡೆದುಹಾಕುತ್ತದೆ. ವಿದ್ಯಾರ್ಥಿಗಳು ಸೂತ್ರವನ್ನು ಸಿದ್ಧಪಡಿಸಿದ ಲೆಕ್ಕಕ್ಕೆ ಮಾತ್ರ ಬಳಸುತ್ತಾರೆ, ಪುಸ್ತಕದ ಮೇಲೆ ತಿರುಗಿಸುವುದಿಲ್ಲ. ಹಾಗೆ ತಿರುಗಿಸಬಹುದು ಎಂದು ನಾವು ಅವರಿಗೆ ಹೇಳಿಕೊಟ್ಟಿಲ್ಲ.

ಸರಿಯಾದ ಉದಾಹರಣೆಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಎಲೆಗಳಿಗೆ ಸಿಂಪಡಿಸಲು ಯೂರಿಯಾವನ್ನು ಬಕೆಟ್ಟಿನಲ್ಲಿ ಕರಗಿಸುವ ರೈತರಿಗೆ ನೀರು ತಣ್ಣಗಾಗುವುದು ಗೊತ್ತು. ಒಂದು ಮೋಲ್, ಅಂದರೆ 60 ಗ್ರಾಂ ಯೂರಿಯಾ ಕರಗುವಾಗ ಸುಮಾರು 15 ಕಿಲೋಜೂಲ್ ಉಷ್ಣವನ್ನು ಹೀರುತ್ತದೆ. ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರೆ ತಾಪ ಸುಮಾರು 6 ಡಿಗ್ರಿ ಇಳಿಯುತ್ತದೆ. ಯಾರೂ ಕಾಯಿಸಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಹರಳಿನಲ್ಲಿ ಸಾಲಾಗಿ ಕೂತಿದ್ದ ಅಣುಗಳು ನೀರಿನಲ್ಲಿ ಚದುರುವಾಗ ಎಂಟ್ರೊಪಿ ಮೋಲ್‌ಗೆ ಸುಮಾರು 70 ಜೂಲ್ ಪ್ರತಿ ಕೆಲ್ವಿನ್ ಹೆಚ್ಚುತ್ತದೆ. 298ರಿಂದ ಗುಣಿಸಿದರೆ ಹತ್ತಿರ ಹತ್ತಿರ 21 ಕಿಲೋಜೂಲ್. ಅದು 15ಕ್ಕಿಂತ ದೊಡ್ಡದು, ಆದ್ದರಿಂದ ಹರಳು ಕರಗುತ್ತದೆ. ಎರಡನೇ ನಿಯಮದ ಮೊದಲ ಪಾಠಕ್ಕೆ ಒಂದು ಲೋಟ, ಒಂದು ತಾಪಮಾಪಕ, ಒಂದು ಹಿಡಿ ಯೂರಿಯಾ ಸಾಕು. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರಿನ ತರಬೇತಿಗೆ ಹೋಗಿ ಬಂದ ಅಧ್ಯಾಪಕರಿಗೆ ಕೈಯಾರೆ ಮಾಡಿ ನೋಡುವುದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಅದು ತರಬೇತಿಯಿಂದ ಪಠ್ಯಪುಸ್ತಕದ ಪುಟಕ್ಕೆ ಇಳಿಯಬೇಕಾಗಿದೆ.

ಮೂರನೆಯದು ಮಾತೃಕೆಗಳು. ಗುಣಾಕಾರದ ನಿಯಮವನ್ನು ಆಕಾಶದಿಂದ ಇಳಿಸದೆ, ಇಬ್ಬರು ಗೆಳೆಯರು ಪೆನ್ನು ಮತ್ತು ಕಥೆ ಪುಸ್ತಕ ಕೊಳ್ಳುವ ಲೆಕ್ಕದಿಂದ ಪುಸ್ತಕ ಅದನ್ನು ಪರಿಚಯಿಸುತ್ತದೆ. ಇದು ಮೆಚ್ಚಬೇಕಾದ ಆರಂಭ. ಆದರೆ ಅಂಗಡಿಯ ಲೆಕ್ಕ ಅಲ್ಲಿಗೇ ನಿಂತುಬಿಡುತ್ತದೆ. ಅಡ್ಡಸಾಲುಗಳನ್ನು ಕೂಡುತ್ತ, ಕಳೆಯುತ್ತ ಮಾತೃಕೆಯನ್ನು ಸರಳಗೊಳಿಸುವ ವಿಭಾಗ ಪರಿಷ್ಕೃತ ಆವೃತ್ತಿಯಲ್ಲಿ ಇಲ್ಲ. ಸಮೀಕರಣಗಳನ್ನು ಬಿಡಿಸಲು ಈಗ ಉಳಿದಿರುವ ದಾರಿ ನಿರ್ಧಾರಕ ಮತ್ತು ಅದರ ಸಹಾಯದಿಂದ ಪಡೆಯುವ ವಿಲೋಮ. ಎರಡೋ ಮೂರೋ ಅಜ್ಞಾತಗಳಿದ್ದರೆ ಪರವಾಗಿಲ್ಲ. ಹತ್ತು ಅಜ್ಞಾತಗಳಿದ್ದರೆ ನಿರ್ಧಾರಕವನ್ನು ವಿಸ್ತರಿಸಿ ಬರೆಯುವಾಗ 36,28,800 ಪದಗಳು ಬರುತ್ತವೆ. ಸಾಲುಗಳನ್ನು ಕಳೆಯುವ ವಿಧಾನದಲ್ಲಿ ಕೆಲವು ನೂರು ಗುಣಾಕಾರಗಳಲ್ಲಿ ಕೆಲಸ ಮುಗಿಯುತ್ತದೆ. ಸುಮಾರು ಎರಡು ಸಾವಿರ ವರ್ಷ ಹಿಂದೆ ಚೀನಾದ ಗಣಿತಜ್ಞರು ಬಳಸಿದ, ಇಂದಿನ ಗಣಕಗಳೂ ಬಳಸುವ ವಿಧಾನವನ್ನು ನಾವು ಹೊರೆ ಎಂದು ಇಳಿಸಿಬಿಟ್ಟೆವು.

ನಮ್ಮ ನೆಲದ ಉದಾಹರಣೆಯನ್ನೇ ನೋಡಿ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಹಣ್ಣಿನ ಬೆಲೆಯ ಲೆಕ್ಕವೊಂದನ್ನು ಕೊಟ್ಟಿದ್ದಾನೆ. 9 ಮಾದಲದ ಹಣ್ಣು ಮತ್ತು 7 ಬೇಲದ ಹಣ್ಣಿನ ಬೆಲೆ 107. 7 ಮಾದಲ ಮತ್ತು 9 ಬೇಲದ ಬೆಲೆ 101. ಒಂದೊಂದರ ಬೆಲೆ ಎಷ್ಟು? ವಿಲೋಮದ ವಿಧಾನದಲ್ಲಿ ಮಾಡಿದರೆ ನಿರ್ಧಾರಕ 32, ಮುಂದಿನದು ಯಾಂತ್ರಿಕ. ಸುಮ್ಮನೆ ಎರಡು ಸಾಲುಗಳನ್ನು ಕೂಡಿ ನೋಡಿ: 16 ಜೋಡಿಗೆ 208, ಅಂದರೆ ಒಂದು ಮಾದಲ ಮತ್ತು ಒಂದು ಬೇಲಕ್ಕೆ 13. ಕಳೆದು ನೋಡಿ: ಎರಡು ಪಟ್ಟು ವ್ಯತ್ಯಾಸ 6, ವ್ಯತ್ಯಾಸ 3. ಮಾದಲ 8, ಬೇಲ 5. ಬಾಯಿಲೆಕ್ಕ!

ಇಷ್ಟಕ್ಕೇ ನಿಲ್ಲಿಸಬೇಡಿ. ಮೊತ್ತ ಮತ್ತು ವ್ಯತ್ಯಾಸ ಎಂಬ ಎರಡು ದಿಕ್ಕುಗಳಲ್ಲಿ ನೋಡಿದಾಗ ಈ ಮಾತೃಕೆ ಒಂದನ್ನು 16 ಪಟ್ಟು, ಇನ್ನೊಂದನ್ನು 2 ಪಟ್ಟು ಹಿಗ್ಗಿಸುತ್ತದೆ, ಅಷ್ಟೇ. ಬಿ.ಎಸ್ಸಿ.ಯಲ್ಲಿ ಐಗನ್ ಸದಿಶ, ಐಗನ್ ಮೌಲ್ಯ ಎಂದು ಹೆದರಿಸುವ ವಿಷಯ ಇದೇ. ಸ್ಪ್ರಿಂಗಿನಿಂದ ಜೋಡಿಸಿದ ಎರಡು ಲೋಲಕಗಳು ಒಟ್ಟಿಗೆ ಓಲಾಡುವುದು ಮತ್ತು ಎದುರುಬದುರಾಗಿ ಓಲಾಡುವುದು ಎಂದು ನಾನು ಭೌತವಿಜ್ಞಾನದಲ್ಲಿ ಕಲಿಸುವುದೂ ಈ ಮೊತ್ತ ಮತ್ತು ವ್ಯತ್ಯಾಸವನ್ನೇ. ಎಂ.ಐ.ಟಿ.ಯಲ್ಲಿ ಗಿಲ್ಬರ್ಟ್ ಸ್ಟ್ರಾಂಗ್ ತಮ್ಮ ಪ್ರಸಿದ್ಧ ಉಪನ್ಯಾಸ ಮಾಲೆಯನ್ನು ಎರಡು ಅಜ್ಞಾತಗಳ ಎರಡು ಸಮೀಕರಣಗಳಿಂದಲೇ ಆರಂಭಿಸಿ, ಅವನ್ನು ಒಮ್ಮೆ ಸಾಲುಗಳಾಗಿ, ಒಮ್ಮೆ ಕಂಬಗಳಾಗಿ ತೋರಿಸಿದರು. ಮಹಾವೀರನ ಲೆಕ್ಕವನ್ನು ಕಂಬಗಳಾಗಿ ನೋಡಿದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ: (9, 7) ಎಂಬ ಬಾಣವನ್ನು ಎಷ್ಟು, (7, 9) ಎಂಬ ಬಾಣವನ್ನು ಎಷ್ಟು ಹಿಗ್ಗಿಸಿ ಕೂಡಿದರೆ (107, 101) ತಲುಪಬಹುದು? ಚೌಕುಳಿ ಹಾಳೆಯಲ್ಲಿ ಬರೆದು ತೋರಿಸಲು ಹತ್ತು ನಿಮಿಷ ಸಾಕು.

ನಿರ್ಧಾರಕ ಸೊನ್ನೆಯಾದರೆ? ವಿಲೋಮವಿಲ್ಲ ಎಂದು ಬರೆದು ವಿದ್ಯಾರ್ಥಿ ಪೆನ್ನು ಕೆಳಗಿಡುತ್ತಾನೆ. ಆದರೆ ರಸಾಯನವಿಜ್ಞಾನದ ತರಗತಿಯಲ್ಲಿ ಸಮೀಕರಣ ಸರಿದೂಗಿಸುವುದು ಸಾಧ್ಯವಾಗುವುದೇ ಇಂಥ ಸೊನ್ನೆಯಿಂದ. ಕಾರ್ಖಾನೆಯಲ್ಲಿ ಯೂರಿಯಾ ತಯಾರಾಗುವುದು ಅಮೋನಿಯ ಮತ್ತು ಕಾರ್ಬನ್ ಡೈಆಕ್ಸೈಡಿನಿಂದ, ಜೊತೆಗೆ ನೀರು ಹುಟ್ಟುತ್ತದೆ. ಅಮೋನಿಯ 'ಅ' ಅಣು, ಕಾರ್ಬನ್ ಡೈಆಕ್ಸೈಡ್ 'ಕ', ಯೂರಿಯಾ 'ಯ', ನೀರು 'ನ' ಎಂದಿಟ್ಟುಕೊಳ್ಳಿ. ನೈಟ್ರೊಜನ್ ಎಣಿಸಿದರೆ ಅ = 2ಯ. ಹೈಡ್ರೊಜನ್: 3ಅ = 4ಯ + 2ನ. ಕಾರ್ಬನ್: ಕ = ಯ. ಆಕ್ಸಿಜನ್: 2ಕ = ಯ + ನ. ನಾಲ್ಕು ಅಜ್ಞಾತ, ನಾಲ್ಕು ಸಮೀಕರಣ. ಹೈಡ್ರೊಜನ್ ಸಾಲಿನಿಂದ ನೈಟ್ರೊಜನ್ ಸಾಲಿನ ಮೂರರಷ್ಟನ್ನು ಕಳೆದರೆ ಯ = ನ ಎಂದಾಗುತ್ತದೆ. ಆಕ್ಸಿಜನ್ ಸಾಲಿನಿಂದ ಕಾರ್ಬನ್ ಸಾಲಿನ ಎರಡರಷ್ಟನ್ನು ಕಳೆದರೂ ಯ = ನ. ಎರಡು ಸಾಲುಗಳು ಒಂದೇ ಮಾತನ್ನು ಹೇಳುತ್ತಿವೆ, ಆದ್ದರಿಂದ ನಿರ್ಧಾರಕ ಸೊನ್ನೆ. ಅದು ಸೊನ್ನೆಯಲ್ಲದಿದ್ದರೆ ಎಲ್ಲ ಅಜ್ಞಾತಗಳೂ ಸೊನ್ನೆಯಾಗಿ, ಕ್ರಿಯೆಯನ್ನು ಬರೆಯಲೇ ಆಗುತ್ತಿರಲಿಲ್ಲ. ಉತ್ತರ: ಎರಡು ಅಮೋನಿಯ, ಒಂದು ಕಾರ್ಬನ್ ಡೈಆಕ್ಸೈಡ್, ಒಂದು ಯೂರಿಯಾ, ಒಂದು ನೀರು. ರಸಾಯನದ ಅಧ್ಯಾಪಕರೂ ಗಣಿತದ ಅಧ್ಯಾಪಕರೂ ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಚಹಾ ಕುಡಿಯುತ್ತಾರೆ. ಈ ಲೆಕ್ಕ ಮಾತ್ರ ಇಬ್ಬರ ತರಗತಿಯಲ್ಲೂ ಬರುವುದಿಲ್ಲ.

ಸರಿದೂಗಿಸಿದ ಈ ಸಮೀಕರಣಕ್ಕೆ ಒಂದು ವಿಷಯ ಗೊತ್ತಿಲ್ಲ: ತಾನು ಯಾವ ದಿಕ್ಕಿಗೆ ಹೋಗಬೇಕು ಎಂಬುದು. ಕಾರ್ಖಾನೆಯಲ್ಲಿ ನೂರೈವತ್ತು ವಾತಾವರಣಗಳಿಗೂ ಹೆಚ್ಚಿನ ಒತ್ತಡ, 180 ಡಿಗ್ರಿಗೂ ಹೆಚ್ಚಿನ ತಾಪ ಕೊಟ್ಟಾಗ ಅದು ಯೂರಿಯಾದ ಕಡೆಗೆ ಹೋಗುತ್ತದೆ. ತೋಟದ ತೇವದ ಮಣ್ಣಿನಲ್ಲಿ ಅದೇ ಸಮೀಕರಣ ಹಿಂದಕ್ಕೆ ನಡೆದು ಅಮೋನಿಯ ಹೊರಡುತ್ತದೆ. ಗೊಬ್ಬರವನ್ನು ಮೇಲೆಯೇ ಚೆಲ್ಲಿ ಬಿಟ್ಟರೆ ಬರುವ ಘಾಟು ಅದೇ. ದಿಕ್ಕನ್ನು ಹೇಳುವುದು ಎರಡನೇ ನಿಯಮ. ಆದರೆ ವೇಗವನ್ನು ಅದೂ ಹೇಳುವುದಿಲ್ಲ. ಇಂಗ್ಲಿಷಿನ 'ಸ್ಪಾಂಟೇನಿಯಸ್' ಎಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು 'ತಟ್ಟನೆ' ಎಂದು ಅರ್ಥಮಾಡಿಕೊಳ್ಳುತ್ತಾರೆ. ಬರಿಯ ನೀರಿನಲ್ಲಿ ಯೂರಿಯಾ ತಾನಾಗಿ ಒಡೆಯಲು ದಶಕಗಳು ಬೇಕು. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಕಿಣ್ವ ಅದನ್ನು ದಿನಗಳಲ್ಲಿ ಮುಗಿಸುತ್ತದೆ. 1926ರಲ್ಲಿ ಜೇಮ್ಸ್ ಸಮ್ನರ್ ಹರಳಾಗಿ ಬೇರ್ಪಡಿಸಿದ ಮೊದಲ ಕಿಣ್ವವೂ ಇದೇ. ಅದು ಅವರಿಗೆ ಸಿಕ್ಕಿದ್ದು ಒಂದು ಜಾತಿಯ ಅವರೆಯ ಬೀಜದಲ್ಲಿ.

ಕಲ್ಲಂಗಡಿ ಬೀಜದಲ್ಲೂ ಈ ಕಿಣ್ವ ಹೇರಳವಾಗಿದೆ. ಬೀಜವನ್ನು ಅರೆದು ಯೂರಿಯಾ ದ್ರಾವಣಕ್ಕೆ ಹಾಕಿ, ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯಿಂದ ಆಗಾಗ ಪರೀಕ್ಷಿಸಿ. ಅಮೋನಿಯ ಹುಟ್ಟಿದಂತೆ ಹಳದಿ ಪಟ್ಟಿ ಕೆಂಪಿಗೆ ತಿರುಗುತ್ತದೆ. ಬೀಜ ಹಾಕದ ದ್ರಾವಣದ ಲೋಟವೊಂದನ್ನು ಹೋಲಿಕೆಗೆ ಪಕ್ಕದಲ್ಲಿಡಿ. ಅಡುಗೆಯ ಪಾತ್ರೆ ಬಳಸಬೇಡಿ, ಬಾಯಿಗೆ ಹಾಕಬೇಡಿ. ಯಾವ ಲೋಟದ ಪಟ್ಟಿ ಎಷ್ಟು ಹೊತ್ತಿಗೆ ಬಣ್ಣ ಬದಲಿಸಿತು ಎಂಬುದನ್ನು ವಿದ್ಯಾರ್ಥಿಗಳೇ ಗಡಿಯಾರ ನೋಡಿ ಬರೆದುಕೊಳ್ಳಲಿ.